ಮೂರನೇ ಸಲ ಹೊಲಿದ ಪುಸ್ತಕ

ವಸತಿಶಾಲೆಯ ಹುಡುಗಿಯರು ಅವಳನ್ನು ಅಂಟಕ್ಕ ಅಂತಲೇ ಕರೆಯುತ್ತಿದ್ದರು. ಲೈಬ್ರರಿಯ ಹಿಂದಿನ ಉದ್ದ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ರಟ್ಟು ಹಾಕುವುದು ಅವಳ ಕೆಲಸ. ಒಂದು ಮೇಜು, ಹಾಳೆ ಒತ್ತುವ ಕಬ್ಬಿಣದ ಪ್ರೆಸ್ಸು, ದಬ್ಬಣ, ನೂಲಿನ ಉಂಡೆ, ಮೈದಾ ಅಂಟಿನ ಡಬ್ಬ. ಉಗುರಿನ ಸಂದಿಯ ಒಣ ಅಂಟನ್ನು ಕೆರೆದು ತೆಗೆಯುತ್ತಲೇ ಮಾತಾಡುವ ಅಭ್ಯಾಸ ಅವಳದು.

ಅಪ್ಪನೂ ಬೈಂಡರೇ, ಒಂದು ಮುದ್ರಣಾಲಯದಲ್ಲಿ. ಏಳನೇ ಕ್ಲಾಸಿಗೆ ಅವಳನ್ನು ಶಾಲೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡ. "ಓದೋದು ತಾನೇ ನಿನಗೆ ಬೇಕಿರೋದು? ಇಲ್ಲಿ ರಾಶಿ ಬಿದ್ದಿದೆ, ಓದ್ಕೋ" ಅಂದ. ಮಾತು ಸುಳ್ಳಲ್ಲ. ಆದರೆ ಅಲ್ಲಿ ಪುಸ್ತಕ ಪುಸ್ತಕವಾಗಿ ಬರುತ್ತಿರಲಿಲ್ಲ, ಹದಿನಾರು ಪುಟದ ಒಂದೊಂದು ಫಾರಂ ಆಗಿ ಬರುತ್ತಿತ್ತು. ನಡುವಿನ ಫಾರಂ ಸೋಮವಾರ ಬಂದರೆ ಮೊದಲನೆಯದು ಗುರುವಾರ. ಹೀಗಾಗಿ ಮದುವೆ ಮುಗಿದ ಮೇಲೆ ಹುಡುಗ ಹುಡುಗಿ ಭೇಟಿಯಾಗುವುದನ್ನು, ಕಳ್ಳ ಜೈಲಿಗೆ ಹೋದ ಮೇಲೆ ಕಳ್ಳತನವಾಗುವುದನ್ನು ಓದಿಕೊಂಡೇ ಅವಳು ಬೆಳೆದಳು. ಕೆಲವೊಮ್ಮೆ ಕೊನೆಯ ಫಾರಂ ಬೇರೆಯವರ ಮೇಜಿಗೆ ಹೋಗಿಬಿಡುತ್ತಿತ್ತು. ಅವತ್ತು ಅವಳಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅದಕ್ಕೇ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ಮೇಜಿನ ಮೇಲೆ ಪುಸ್ತಕ ಕುಕ್ಕಿದಾಗ ಅವಳ ಸಂಕಟ ಅಂಟಕ್ಕನಿಗೆ ತಟ್ಟನೆ ಅರ್ಥವಾಯಿತು. ಕೂತರೆ ನಿಂತರೆ ಏನಾದರೊಂದು ಕೇಳುತ್ತಲೇ ಇರುವ ಈ ಹುಡುಗಿಗೆ ಗೆಳತಿಯರು ಇಟ್ಟ ಹೆಸರು ಪ್ರಶ್ನೆಪತ್ರಿಕೆ.

"ಕೊನೇ ಹಾಳೆಗಳೇ ಇಲ್ಲ ಅಂಟಕ್ಕಾ. ಮಾಡಿದ್ದು ಯಾರು ಅಂತ ಈಗ ನನಗೆ ಹೇಗೆ ಗೊತ್ತಾಗಬೇಕು?"

ಅದು ಹದಿಹರೆಯದವರಿಗಾಗಿ ಬರೆದ ಪತ್ತೇದಾರಿ ಕಾದಂಬರಿ. ಕತೆ ನಡೆಯುವುದೂ ಒಂದು ವಸತಿಶಾಲೆಯಲ್ಲೇ. ಅಲ್ಲಿನ ಹುಡುಗಿಯರು ಮನೆಗೆ ಬರೆದ ಕಾಗದಗಳು ಮನೆ ಮುಟ್ಟುವುದಿಲ್ಲ. ಎಲ್ಲಿ ಹೋದವು ಅಂತ ಒಬ್ಬಳು ಹುಡುಕಲು ಹೊರಡುತ್ತಾಳೆ. ಹುಡುಕಿ ಹುಡುಕಿ ಒಂದು ಬಾಗಿಲ ಮುಂದೆ ಬಂದು ನಿಲ್ಲುತ್ತಾಳೆ. ಅಲ್ಲಿಗೆ ಪುಸ್ತಕ ಖಾಲಿ.

ಲೈಬ್ರರಿ ಮೇಷ್ಟ್ರು ಕನ್ನಡಕ ಮೇಲೆತ್ತಿ ನೋಡಿ, "ರದ್ದಿಗೆ ಹಾಕಿಬಿಡಮ್ಮಾ" ಅಂದರು. ಒಳ್ಳೆಯ ಮನುಷ್ಯ, ಆದರೆ ನಿವೃತ್ತಿ ಹತ್ತಿರ ಬಂದ ಮೇಲೆ ಅವರಿಗೆ ತಮ್ಮ ನೆರಳು ಕಂಡರೂ ಭಯ. ಅಂಟಕ್ಕ ರದ್ದಿಗೆ ಹಾಕಲಿಲ್ಲ. ಭಾನುವಾರ ಪೇಟೆಗೆ ಹೋಗಿ ಅದೇ ಕಾದಂಬರಿಯ ಇನ್ನೊಂದು ಪ್ರತಿ ತಂದಳು, ಅದರ ಹೊಲಿಗೆ ಬಿಚ್ಚಿ ಕೊನೆಯ ಫಾರಂ ಎತ್ತಿ ಶಾಲೆಯ ಪ್ರತಿಗೆ ಸೇರಿಸಿ ಹೊಲಿದಳು.

ಪುಸ್ತಕ ಕಪಾಟಿಗೆ ಹೋಗಿ ಮೂರು ದಿನವಾಗಿರಲಿಲ್ಲ, ಪ್ರಶ್ನೆಪತ್ರಿಕೆಯ ಸರದಿ ಬರುವುದರೊಳಗೆ ಆ ಹಾಳೆಗಳೂ ಮಾಯ.

ಈ ಸಲ ಅಂಟಕ್ಕ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮಕ್ಕಳು ಹರಿದರೆ ಹಾಳೆ ಹಲ್ಲುಹಲ್ಲಾಗಿ ಹರಿಯುತ್ತದೆ. ಇದು ಸ್ಕೇಲು ಇಟ್ಟು ಬ್ಲೇಡಿನಿಂದ ಕೊಯ್ದದ್ದು. ಹೊಲಿಗೆಯ ಬುಡದಲ್ಲಿ ಉಳಿದ ಬೆರಳಗಲದ ಪಟ್ಟಿಯ ಮೇಲೆ ನೇರಳೆ ಬಣ್ಣದ ಹೆಬ್ಬೆಟ್ಟಿನ ಗುರುತು ಮೂಡಿತ್ತು. ಆ ಶಾಲೆಯಲ್ಲಿ ಹೆಬ್ಬೆಟ್ಟು ಸದಾ ನೇರಳೆಯಾಗಿರುತ್ತಿದ್ದದ್ದು ಒಬ್ಬರದೇ, ವಾರ್ಡನ್ ಮೇಡಂ ಅವರದು. ಹುಡುಗಿಯರು ಮನೆಗೆ ಬರೆದ ಕಾಗದಗಳನ್ನು ಅಂಟಿಸದೆ ಅವರ ಕೈಗೇ ಕೊಡಬೇಕಿತ್ತು. ಅವರು ಓದಿ, 'ಪರಿಶೀಲಿಸಿದೆ' ಅಂತ ನೇರಳೆ ಮುದ್ರೆ ಒತ್ತಿ, ಆಮೇಲೆ ಕಳಿಸುತ್ತಿದ್ದರು. ಕಳಿಸುತ್ತಾರೆ ಅಂತ ಎಲ್ಲರೂ ನಂಬಿದ್ದರು.

ಅಂಟಕ್ಕ ಪುಸ್ತಕ ಮುಚ್ಚಿಟ್ಟಳು. ಹದಿಮೂರು ವರ್ಷದ ಕೆಲಸ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇದ್ದೂ ಇಲ್ಲದಂತಿರುವ ಗಂಡ. ಸುಮ್ಮನಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಪೇಟೆಯ ಅಂಗಡಿಯಲ್ಲಿ ಮತ್ತೊಂದು ಪ್ರತಿ ಇರಲಿಲ್ಲ. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದಿತ್ತು. ಎರಡು ಭಾನುವಾರ ಅಲ್ಲಿ ಕೂತು ಹದಿನಾರು ಪುಟಗಳನ್ನೂ ಕೈಯಲ್ಲೇ ನಕಲು ಮಾಡಿಕೊಂಡಳು. ಏಳನೇ ಕ್ಲಾಸಿನ ದುಂಡು ಅಕ್ಷರ ಇನ್ನೂ ಕೈಬಿಟ್ಟಿರಲಿಲ್ಲ. ಆ ಹಾಳೆಗಳನ್ನು ಎರಡೆಳೆ ನೂಲಿನಲ್ಲಿ ಹೊಲಿದಳು. ಪುಸ್ತಕದ ಮೊದಲ ಪುಟದಲ್ಲಿ ದಪ್ಪಗೆ ಬರೆದಳು: 'ಈ ಪುಸ್ತಕದ ಕೊನೆಯನ್ನು ಎರಡು ಸಲ ಕೊಯ್ದಿದ್ದಾರೆ. ಅಚ್ಚಾದಾಗಿನದ್ದೂ ಸೇರಿ ಇದು ಮೂರನೇ ಹೊಲಿಗೆ. ಕೊಯ್ದರೆ ನಾಲ್ಕನೇ ಸಲವೂ ಹೊಲಿಯುತ್ತೇನೆ. ಇಂತಿ, ಬೈಂಡರ್.'

ಮೇಷ್ಟ್ರು ಅದನ್ನು ಓದಿ ಬೆವರಿದರು. "ಅಮ್ಮಾ, ಇದೆಲ್ಲ ಬೇಕಿತ್ತಾ?"

"ನಾನು ಹರಿದದ್ದನ್ನ ಹೊಲಿಯೋಳು ಮೇಷ್ಟ್ರೇ. ಅದಕ್ಕೇ ತಾನೇ ನನ್ನನ್ನ ಇಟ್ಕೊಂಡಿರೋದು?"

ಈ ಸಲ ಪುಸ್ತಕವನ್ನು ಕಪಾಟಿಗೆ ಕಳಿಸದೆ ಪ್ರಶ್ನೆಪತ್ರಿಕೆಯ ಕೈಗೇ ಕೊಟ್ಟಳು. ಒಂದೇ ವಾರದಲ್ಲಿ ಅದು ದಿಂಬಿನಿಂದ ದಿಂಬಿಗೆ ಹೋಗಿ ಇಡೀ ಹಾಸ್ಟೆಲ್ ಸುತ್ತಿತು. ಕತೆಯಲ್ಲಿ ಕಾಗದ ಬಚ್ಚಿಟ್ಟವರು ವಾರ್ಡನ್ನೇ ಅಂತ ಎಲ್ಲರಿಗೂ ಗೊತ್ತಾಯಿತು. ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ, ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿದ್ದಾಗ, ಪ್ರಶ್ನೆಪತ್ರಿಕೆ ಕೈ ಎತ್ತಿದಳು.

"ಮೇಡಂ, ನಾನು ಬರೆದ ಕಾಗದಗಳು ನಮ್ಮಮ್ಮನಿಗೆ ಸಿಕ್ಕಿವೆಯಾ?"

ವಾರ್ಡನ್ ಮೇಡಂ ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದರು. ಅರ್ಧ ಗಂಟೆಯಲ್ಲಿ ಅಂಟಕ್ಕನಿಗೆ ಕರೆ ಬಂತು.

ಪ್ರಿನ್ಸಿಪಾಲರು ಟೈಪ್ ಮಾಡಿಸಿದ ಹಾಳೆಯೊಂದನ್ನು ಮುಂದಕ್ಕೆ ತಳ್ಳಿದರು. "ನೋಡಮ್ಮಾ, ರಾದ್ಧಾಂತ ಬೇಡ. ಸ್ವಂತ ಕಾರಣಕ್ಕೆ ಕೆಲಸ ಬಿಡ್ತಿದ್ದೀನಿ ಅಂತ ಇದರಲ್ಲಿದೆ. ಸಹಿ ಹಾಕು."

ಅಂಟಕ್ಕ ನಿಂತಲ್ಲೇ ಓದಿದಳು. "ಇದು ನಿಜ ಅಲ್ವಲ್ಲ ಸರ್. ನನಗೆ ಸ್ವಂತ ಕಾರಣ ಏನೂ ಇಲ್ಲ."

"ಹಾಗಾದ್ರೆ ನಾವೇ ತೆಗೀಬೇಕಾಗುತ್ತೆ."

"ತೆಗೀರಿ. ಆದ್ರೆ ಯಾಕೆ ತೆಗೆದ್ರಿ ಅಂತ ಬರೆದು ಕೊಡಿ. ಪುಸ್ತಕಕ್ಕೆ ಹಾಳೆ ಹೊಲಿದಳು, ಅದಕ್ಕೇ ತೆಗೆದಿದ್ದೀವಿ ಅಂತ. ಅದನ್ನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀನಿ."

ಗುಮಾಸ್ತರನ್ನು ಕರೆಸಿದರು. ಅವರು ಮೂರು ಒಕ್ಕಣೆ ಬರೆದರು, ಮೂರನ್ನೂ ಹೊಡೆದು ಹಾಕಿದರು. 'ಶಿಸ್ತು ಮೀರಿದ್ದಕ್ಕೆ' ಅಂದರೆ ಯಾವ ಶಿಸ್ತು ಅನ್ನಬೇಕು? 'ಶಾಲೆಯ ಸ್ವತ್ತಿಗೆ ಹಾನಿ' ಅಂದರೆ ಹಾನಿ ಮಾಡಿದವರು ಯಾರು? ಸಂಜೆ ಗಂಟೆ ಹೊಡೆಯುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ, "ಪ್ರೆಸ್ಸಿನಲ್ಲಿ ಒಂದು ಡಿಕ್ಷನರಿ ಒತ್ತೋಕೆ ಇಟ್ಟಿದ್ದೀನಿ, ನಾಳೆ ಬರ್ತೀನಿ" ಅಂತ ಹೇಳಿ ಹೊರಟುಬಿಟ್ಟಳು.

ಮರುದಿನ ಅವಳು ಎಂದಿನಂತೆ ಬಂದಳು. ಅದಕ್ಕೂ ಮರುದಿನ ಪ್ರಶ್ನೆಪತ್ರಿಕೆಯ ಅಮ್ಮ ಬಂದರು. ಗೇಟಿನ ಕಾವಲುಗಾರನ ಫೋನಿನಿಂದ ಮಗಳು ಕರೆದಿದ್ದಳಂತೆ. ಪ್ರಿನ್ಸಿಪಾಲರ ಕೋಣೆಯ ಬಾಗಿಲು ತೆರೆದೇ ಇತ್ತು. ಪಕ್ಕದ ಲೈಬ್ರರಿಯಲ್ಲಿದ್ದ ಅಂಟಕ್ಕನಿಗೂ ಮಾತು ಕೇಳಿಸುತ್ತಿತ್ತು.

"ಐದು ತಿಂಗಳಾಯ್ತು. ನನ್ನ ಮೇಲೆ ಕೋಪ, ಅದಕ್ಕೇ ಬರೀತಿಲ್ಲ ಅಂದ್ಕೊಂಡಿದ್ದೆ" ಅಂತ ಆ ತಾಯಿ ಹೇಳುತ್ತಿದ್ದರು. "ಎಲ್ಲಿ ಇಟ್ಟಿದ್ದೀರಿ ನನ್ನ ಮಗಳ ಕಾಗದಗಳನ್ನ?"

ಕಾಗದಗಳು ಯಾವ ಪೆಟ್ಟಿಗೆಯಲ್ಲೂ ಸಿಗಲಿಲ್ಲ. ವಾರ್ಡನ್ ಮೇಡಂ ತಗ್ಗಿದ ದನಿಯಲ್ಲಿ, ಆದರೆ ತಲೆ ತಗ್ಗಿಸದೆ ಒಪ್ಪಿಕೊಂಡರು. "ಹರಿದು ಹಾಕಿದೆ. ಅಳ್ತಾ ಬರೆದ ಕಾಗದ ಹೋದ್ರೆ ತಾಯಂದಿರೂ ಅಳ್ತಾರೆ, ಮಗಳನ್ನ ಬಿಡಿಸಿಕೊಂಡು ಹೋಗ್ತಾರೆ. ಹೀಗೆ ಎಷ್ಟೋ ಹುಡುಗಿಯರ ಓದು ಉಳಿಸಿದ್ದೀನಿ ನಾನು."

ಆ ಮಾತು ಅಂಟಕ್ಕನಿಗೆ ಚುಚ್ಚಿತು. ಓದು ಬಿಡಿಸಿಕೊಂಡವಳು ತಾನೇ ಅವಳು. ಒಂದು ಗಳಿಗೆ ಮೇಡಂ ಹೇಳಿದ್ದರಲ್ಲೂ ಹುರುಳಿದೆಯೇನೋ ಅನ್ನಿಸಿತು. ಆದರೆ ಪಕ್ಕದ ಕೋಣೆಯಲ್ಲಿ ಆ ಹುಡುಗಿ ಅಮ್ಮನ ಸೆರಗಿಗೆ ಮೂಗು ಒರೆಸಿಕೊಳ್ಳುತ್ತಾ, "ನಾನು ಇಲ್ಲೇ ಓದ್ತೀನಿ. ಕಾಗದ ಮಾತ್ರ ನನ್ನದು" ಅಂದದ್ದು ಕೇಳಿಸಿತು. ಅಂಟಕ್ಕ ದಬ್ಬಣ ಕೈಗೆತ್ತಿಕೊಂಡಳು.

ತಿಂಗಳೊಳಗೆ ಗೇಟಿನ ಬಳಿ ಕೆಂಪು ಪೆಟ್ಟಿಗೆ ಬಂತು, ಬೀಗದ ಕೈ ಅಂಚೆಯವನ ಹತ್ತಿರ. ಪ್ರಿನ್ಸಿಪಾಲರು ಸಭೆಯಲ್ಲಿ ಅದು ತಮ್ಮದೇ ಯೋಜನೆ ಅಂದರು. ಮೇಷ್ಟ್ರು ಜೋರಾಗಿ ಕೆಮ್ಮಿದರು. ಅಂಟಕ್ಕನನ್ನು ತೆಗೆಯುವ ಆದೇಶಕ್ಕೆ ಒಕ್ಕಣೆ ಕೊನೆಗೂ ಸಿಗಲಿಲ್ಲ. ಸಂಬಳ ಏರುವ ಪಟ್ಟಿಯಲ್ಲಿ ಎರಡು ವರ್ಷ ಅವಳ ಹೆಸರೂ ಸಿಗಲಿಲ್ಲ. ಅವಳು ಕೇಳಲು ಹೋಗಲಿಲ್ಲ, ಹಲ್ಲು ಕಿರಿಯಲೂ ಇಲ್ಲ.

ಆ ಎರಡು ವರ್ಷ ವಾರ್ಡನ್ ಮೇಡಂ ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಆಮೇಲೆ ಬೇರೆ ಶಾಲೆಗೆ ಹೊರಟರು. ಬೀಳ್ಕೊಡುಗೆಗೆ ಎಲ್ಲರೂ ಹೋಗಿದ್ದರು.

"ನೀನ್ಯಾಕಮ್ಮಾ ಬರಲಿಲ್ಲ?" ಅಂತ ಮೇಷ್ಟ್ರು ಕೇಳಿದರು.

"ಕೆಲಸ ಇತ್ತು ಮೇಷ್ಟ್ರೇ" ಅಂದಳು ಅಂಟಕ್ಕ. ಮೇಜಿನ ಮೇಲೆ ಒಂದು ಪುಸ್ತಕವೂ ಇರಲಿಲ್ಲ.