ಮಂಚಯ್ಯನವರ ಸೂರು ಯಾಕೆ ಸೋರಿತು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಸನದ ಹತ್ತಿರದ ದುದ್ದ ಊರಿನ ಆಚೆ, ಹೊನ್ನಕ್ಕನವರ ತೆಂಗಿನ ತೋಟದಲ್ಲಿ ಮಂಚಯ್ಯ ಶೆಡ್ಡಿನ ಮೇಲೆ ಒಂದು ಕಾಲು ಚಾಚಿ ಕೂತಿದ್ದಾರೆ. ಕೈಯಲ್ಲಿ ಸ್ಪ್ಯಾನರು. ಸೂರು ಹೊದಿಸುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದರೆ, ಅಲ್ಲ, ಬಿಚ್ಚುತ್ತಿದ್ದಾರೆ. ಹೋದ ತಿಂಗಳು ತಾವೇ ಕೂರಿಸಿದ ಜಿಂಕ್ ಶೀಟುಗಳನ್ನು ಒಂದೊಂದಾಗಿ ಎಬ್ಬಿಸಿ ಕೆಳಗೆ ಇಳಿಬಿಡುತ್ತಾರೆ. ಹೆಂಡತಿ ಮುದ್ದಮ್ಮ ಹಿಡಿದು ಗೋಡೆಗೆ ಒರಗಿಸುತ್ತಾರೆ.

"ಹಾಕದೂ ನೀನೇ, ಕೀಳದೂ ನೀನೇ. ಊರಲ್ಲಿ ಇನ್ಯಾರ್ಗೂ ಕೆಲ್ಸ ಬುಡಬ್ಯಾಡ," ಅನ್ನುತ್ತಾರೆ ಆಕೆ.

"ಮಾತು ಆಮೇಲೆ. ಶೀಟ್ ಸರ್ಯಾಗಿ ಹಿಡ್ಕ, ಕೈ ಕುಯ್ದಾತು," ಎಂದು ಮೇಲಿನಿಂದ ಉತ್ತರ.

ಮಂಚಯ್ಯ ಹರದನಹಳ್ಳಿ ಕಡೆಯವರು. ಅವರ ಅಪ್ಪ ನಾಡಹೆಂಚು ಹೊದಿಸುತ್ತಿದ್ದರು. ತಲೆ ಮೇಲೆ ಹೆಂಚು ಹೊತ್ತು ಅಪ್ಪನ ಹಿಂದೆ ನಡೆಯುತ್ತಿದ್ದ ಮಂಚಯ್ಯನನ್ನು ನಾನು ಕಂಡಿದ್ದೇನೆ. ಆಮೇಲೆ ಹೆಂಚು ಹೋಗಿ ಶೀಟು ಬಂತು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಎಷ್ಟೋ ತೋಟಗಳ ಪಂಪ್ ಮನೆ, ಕೊಟ್ಟಿಗೆ, ಸಾಮಾನಿನ ಶೆಡ್ಡು ಈ ಗಂಡ ಹೆಂಡಿರ ಕೈಯವು. ಕೊಣನೂರಿನ ಹತ್ತಿರ ಒಮ್ಮೆ ಗಾಳಿ ಮಂಚಯ್ಯನವರನ್ನು ಶೀಟಿನ ಸಮೇತ ಎತ್ತಿ ಹಾಕಿತು. ಅಂದಿನಿಂದ ಎಡ ಮೊಣಕಾಲು ಮಡಚುವುದಿಲ್ಲ. ಮನೆ ಕಟ್ಟಿಸಿದವರ ಹೆಸರು ಗೋಡೆಯ ಮೇಲಿರುತ್ತದೆ. ಶೆಡ್ಡು ಹೊದಿಸಿದವರನ್ನು ಸೋರಿದ ದಿನ ಬಿಟ್ಟರೆ ಯಾರೂ ನೆನೆಯುವುದಿಲ್ಲ.

ಈ ಶೆಡ್ಡು ಸೋರಿತು. ಅದೇ ತೊಂದರೆ. ಹೊನ್ನಕ್ಕ ಇದರ ಅಟ್ಟದಲ್ಲಿ ತೆಂಗಿನಕಾಯಿ ಕೂಡಿಡಬೇಕು. ಅವು ತಿಂಗಳುಗಟ್ಟಲೆ ಅಲ್ಲೇ ಒಣಗಿ ಕೊಬ್ಬರಿಯಾಗಬೇಕು. ನೀರು ತಾಗಿದರೆ ಮೊಳಕೆ ಒಡೆಯುತ್ತವೆ.

"ಇನ್ನೊಂದ್ ಸಲ ಸೋರುದ್ರೆ ಹಾಸನದಿಂದ ಬ್ಯಾರೆಯವ್ರನ್ನ ಕರುಸ್ತೀನಿ. ಸಿಟ್ಟು ಮಾಡ್ಕಬ್ಯಾಡ ಮಂಚಯ್ಯ," ಎಂದು ಹೊನ್ನಕ್ಕ ಮೆತ್ತಗೆ ಹೇಳಿದ್ದರು. ಮಂಚಯ್ಯ ಹೊದಿಸಿದ ಸೂರನ್ನು ಇದುವರೆಗೆ ಬೇರೆ ಯಾರೂ ಮುಟ್ಟಿಲ್ಲ. ಆ ಮೆತ್ತಗಿನ ಮಾತೇ ಅವರನ್ನು ಚುಚ್ಚಿತು.

ಯಾಕೆ ಸೋರುತ್ತಿದೆ ಎಂಬುದು ಮಾತ್ರ ತಿಳಿಯಲಿಲ್ಲ. ದಾರ ಹಿಡಿದು ನೋಡಿದರೆ ವಾಟ ಸರಿಯಾಗಿದೆ, ನೀರು ತೆಂಕಲಿಗೆ ಜಾರಲೇಬೇಕು. ಸ್ಕ್ರೂಗಳ ವಾಷರನ್ನೆಲ್ಲ ಬದಲಾಯಿಸಿದರು. ಮೇಲೆ ಕೊಡಗಟ್ಟಲೆ ನೀರು ಸುರಿದರು. ಒಳಗೆ ಒಂದು ಹನಿಯೂ ಇಲ್ಲ. ಮಾರನೆ ದಿನ ಮಳೆ ಬಂತು, ಅಟ್ಟದ ಹಲಗೆಯೆಲ್ಲ ಒದ್ದೆ.

"ಕೊಡದ್ ನೀರ್ಗೆ ಸೋರಲ್ಲ, ಮಳೆ ನೀರ್ಗೆ ಸೋರ್ತದೆ. ಎರಡೂ ನೀರೇ ತಾನೆ? ತಲೆ ಕೆಟ್ಟೋಯ್ತು ಕಣಣ್ಣ," ಎಂದರು ನನ್ನ ಹತ್ತಿರ. ನಾನೂ ಒಳಗೆ ನಿಂತು ಕತ್ತು ನೋಯುವವರೆಗೆ ನೋಡಿದೆ. ಬೆಳಕು ಬರುವಷ್ಟು ತೂತೂ ಕಾಣಲಿಲ್ಲ.

ನಿನ್ನೆ ಮಧ್ಯಾಹ್ನ ಪಡುವಣಗಾಳಿ ಎದ್ದು ಮಳೆ ಹೊಡೆಯಿತು. ಎಲ್ಲರೂ ಮನೆಗೆ ಓಡಿದರೆ ಮಂಚಯ್ಯ ಅಟ್ಟ ಹತ್ತಿದರು. ಶೀಟಿನ ಮೇಲೆ ಶೀಟು ಕೂತ ಸಂದಿಗೆ ಅಂಗೈ ಹಿಡಿದುಕೊಂಡು ಕೂತರು. ಪ್ರತಿ ಸಂದಿಯಲ್ಲೂ ಗಾಳಿ ನೀರನ್ನು ಒಳಕ್ಕೆ ಊದುತ್ತಿತ್ತು. ಮೇಲಿನ ಶೀಟುಗಳ ಅಂಚೆಲ್ಲ ಪಡುವಣಕ್ಕೆ ಎದುರಾಗಿ ಬಾಯಿ ತೆರೆದಿತ್ತು.

ತಪ್ಪಾದದ್ದು ಅಪ್ಪನಿಂದ ಬಂದ ರೂಢಿಯಿಂದ. ಸೂರನ್ನು ಮನೆದೇವರಿರುವ ದಿಕ್ಕಿನಿಂದಲೇ ಹೊದಿಸಲು ಶುರು ಮಾಡಬೇಕು, ಮನೆಯಾಕೆ ಮೊದಲನೆಯದಕ್ಕೆ ಅರಿಶಿನ ಕುಂಕುಮ ಇಡಬೇಕು. ನಾಡಹೆಂಚಿಗೆ ಯಾವ ಕಡೆಯಿಂದ ಶುರು ಮಾಡಿದರೂ ಒಂದೇ. ಶೀಟಿಗೆ ಹಾಗಲ್ಲ. ಪಡುವಣದಿಂದ ಹೊರಟರೆ, ಒಂದರ ಮೇಲೊಂದು ಏರುವ ಶೀಟಿನ ಅಂಚು ಪಡುವಣಗಾಳಿಗೇ ಸಿಕ್ಕುತ್ತದೆ. ಹೊನ್ನಕ್ಕನವರ ಮನೆದೇವರ ಗುಡಿ ಇರುವುದು ಪಡುವಣಕ್ಕೆ.

"ಇಷ್ಟ್ ದಿನ ಸೋರ್ದೆ ಇದ್ದದ್ದು ನನ್ ಕೈಗುಣ ಅನ್ಕಂಡಿದ್ದೆ. ಮಿಕ್ಕಿದವ್ರ ದ್ಯಾವ್ರೆಲ್ಲ ಮೂಡ್ಲಾಗಿದ್ರು, ಅಷ್ಟೆಯ," ಎಂದು ಮಂಚಯ್ಯ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಹೊನ್ನಕ್ಕ ಕಾಫಿ ತಂದು ಏಣಿಯ ಬುಡದಲ್ಲಿ ನಿಲ್ಲುತ್ತಾರೆ. ಈ ಸಲ ಮೂಡಲಿಂದ ಶುರು ಮಾಡುತ್ತೇನೆ ಎಂದಿದ್ದಾರೆ ಮಂಚಯ್ಯ, ಅದು ಅವರಿಗೆ ಒಪ್ಪಿಗೆಯಿಲ್ಲ.

"ಅಲ್ಲ ಕಣಯ್ಯ, ನಮ್ ದ್ಯಾವ್ರಿಗೆ ಬೆನ್ನು ತೋರ್ಸ್ದಂಗಲ್ವಾ ಅದು?"

ಮಂಚಯ್ಯ ಸ್ಪ್ಯಾನರಿನಲ್ಲೇ ಗುಡಿಯ ಕಡೆ ತೋರಿಸುತ್ತಾರೆ. "ಹೋದ್ ಸಲ ಅಲ್ಲಿಂದ ಹೊಂಟಾಗ್ಲೇ ಬೆನ್ನು ತೋರ್ಸಿದ್ದು ಕಣಕ್ಕ. ಈಗ ದ್ಯಾವ್ರ ಕಡೀಕೇ ಓಯ್ತಾ ಇವ್ನಿ."

"ನೋಡಕ್ಕ," ಅನ್ನುತ್ತಾರೆ ಮುದ್ದಮ್ಮ, "ಈವಯ್ಯನ ಮಾತು ಮಾತ್ರ ಒಂದ್ ಹನಿ ಸೋರಲ್ಲ."

ಹೊನ್ನಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ. ಒಳಗೆ ಹೋಗಿ ಬಟ್ಟಲು ತಂದು, ಮೂಡಲ ತುದಿಗೆ ಕೂರುವ ಮೊದಲ ಶೀಟಿಗೆ ಅರಿಶಿನ ಕುಂಕುಮ ಇಡುತ್ತಾರೆ. "ಕಡೇ ಶೀಟ್ಗೂ ಇಡ್ತೀನಿ. ಎರಡೂ ಕಡೆ ಇರ್ಲಿ."

ಬಿಸಿಲೇರುವ ಹೊತ್ತಿಗೆ ಸೂರು ಮತ್ತೆ ಕೂತಿದೆ. ನನಗೊಂದು ಅನುಮಾನ. ಹಿಂಗಾರಿನಲ್ಲಿ ಗಾಳಿ ಮೂಡಲಿಂದ ಬಂದರೆ?

ಮಂಚಯ್ಯ ತಲೆ ಕೆರೆದುಕೊಳ್ಳುತ್ತಾರೆ. "ಅದು ನಂಗೂ ಗೊತ್ತಾಯ್ತಿಲ್ಲ. ಮಿಕ್ಕಿದ್ ಶೀಟ್ನೂ ಸೇರ್ಸಿ ಒಂದರ ಮ್ಯಾಲೊಂದು ಜಾಸ್ತಿ ಏರ್ಸಿವ್ನಿ. ಮುಂಗಾರಿಗಂತೂ ಸರಿಯಾಯ್ತದೆ ಅನ್ನುಸ್ತದೆ. ಅನ್ನುಸ್ತದೆ ಅಷ್ಟೆಯ."

ಅಷ್ಟರಲ್ಲಿ ಹೊನ್ನಕ್ಕ ಕಾಯಿ ತುಂಬಿದ ಮಂಕರಿ ಹೊತ್ತು ಅಟ್ಟದ ಏಣಿಗೆ ಕಾಲಿಟ್ಟಿದ್ದಾರೆ.

"ಅಕ್ಕೋ, ಒಂದ್ ಮಳೆ ನೋಡ್ಕಂಡು ಏರ್ಸದಲ್ವಾ?" ಮಂಚಯ್ಯ ಕುಂಟುತ್ತ ಓಡುತ್ತಾರೆ.

"ನಿನ್ನೆ ಮಳೇಲಿ ಕೈಯೊಡ್ಕಂಡು ಕೂತಿದ್ಯಲ್ಲ, ಅಷ್ಟು ನೋಡಿದ್ ಸಾಕು ಬುಡು. ತಗ, ಆ ಇನ್ನೊಂದ್ ಮಂಕರಿ ಎತ್ತು."

ಮಂಚಯ್ಯ ಎತ್ತುತ್ತಾರೆ. ಕಾಯೆಲ್ಲ ಅಟ್ಟ ಸೇರಿದ ಮೇಲೂ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಊರಿಗೆ ಯಾವಾಗ ಹೊರಡುತ್ತೀರಿ ಎಂದು ಕೇಳುತ್ತೇನೆ.

"ಒಂದ್ ಒಳ್ಳೆ ಗಾಳಿ ಮಳೆ ಬರ್ಲಿ ಕಣಣ್ಣ," ಅನ್ನುತ್ತಾರೆ. "ಆ ಕಾಯ್ಗಳ ಪಕ್ಕದಲ್ಲಿ ಕೂತ್ಕಂಡು ನೋಡ್ಬುಟ್ಟು ಓಯ್ತೀನಿ."