ಹದ ಬಂದಿಲ್ಲ ಅಂತ ಎದ್ದು ಹೋಗುತ್ತಿದ್ದ ದೇವಮ್ಮ ಟೀಚರ್

ನಿಮಗೆ ಯಾರಿಗಾದರೂ ಹೀಗಾಗಿದೆಯಾ? ಮನೆಗೆ ಪ್ರಾರ್ಥನೆ ಮಾಡಲಿಕ್ಕೆಂದು ಒಬ್ಬರನ್ನು ಕರೆದಿರುತ್ತೀರಿ. ಅವರು ಬರುತ್ತಾರೆ, ಕೂರುತ್ತಾರೆ, ಚೂಡಾ ತಿನ್ನುತ್ತಾರೆ, ಚಹಾ ಕುಡಿಯುತ್ತಾರೆ. ನೀವು ತಲೆ ಮೇಲೆ ಸೆರಗು ಹಾಕಿಕೊಂಡು, ಕಣ್ಣು ಮುಚ್ಚಿ, ಈಗ ಶುರು ಮಾಡುತ್ತಾರೆ ಅಂತ ಕಾಯುತ್ತಿರುತ್ತೀರಿ. ಅಷ್ಟರಲ್ಲಿ ಚಪ್ಪಲಿ ಸಪ್ಪಳ. ಕಣ್ಣು ಬಿಟ್ಟರೆ ಅವರು ಬಾಗಿಲಲ್ಲಿ ನಿಂತಿದ್ದಾರೆ. "ಇನ್ನ ಹದ ಬಂದಿಲ್ಲವಾ, ಹೋಗ್ತೇನಿ" ಅಂತ ಹೋಗಿಯೇ ಬಿಡುತ್ತಾರೆ.

ನನಗಾಗಿದೆ. ಅದೂ ಒಂದೇ ಸಲ ಅಲ್ಲ. ಹಾಗೆ ಎದ್ದು ಹೋಗುತ್ತಿದ್ದವರು ಭಾಲ್ಕಿಯ ದೇವಮ್ಮ ಟೀಚರ್. ಅವರ ಬಗ್ಗೆ ಬರೆಯಬೇಕು ಅಂತ ಎಷ್ಟೋ ಸಲ ಫೋನ್ ಹಿಡಿದು ಕೂತು, ಏನು ಬರೆಯಬೇಕೋ ತಿಳಿಯದೆ ಕೆಳಗಿಟ್ಟಿದ್ದೇನೆ. ಇವತ್ತೂ ತಿಳಿದಿಲ್ಲ. ಆದರೂ ಬರೆಯುತ್ತೇನೆ.

ಟೀಚರನ್ನು ನೋಡಿದವರು ಮೊದಲು ಗಮನಿಸುತ್ತಿದ್ದದ್ದು ಅವರ ಬಲಗೈ. ಯಾರಾದರೂ ಕಷ್ಟ ಹೇಳಿಕೊಳ್ಳುವಾಗ ಆ ಕೈ ಮಡಿಲಲ್ಲಿ ಮುಷ್ಟಿ ಕಟ್ಟಿ ಏನನ್ನೋ ಹಿಸುಕುತ್ತಿತ್ತು. ಮಾತು ಮುಗಿದ ಮೇಲೆ ಮುಷ್ಟಿ ಬಿಚ್ಚಿ, ಖಾಲಿ ಅಂಗೈಯನ್ನು ಒಂದು ಕ್ಷಣ ನೋಡುತ್ತಿದ್ದರು. ಹೊಸಬರು ಕೈಗೆ ವಾಯು ಹಿಡಿದಿದೆ ಅಂದುಕೊಳ್ಳುತ್ತಿದ್ದರು. ಅದು ಹೊಲದ ಅಭ್ಯಾಸ. ಊರ ಹೊರಗೆ ಅವರಿಗೊಂದು ಕರಿಮಣ್ಣಿನ ತುಂಡು ಹೊಲವಿತ್ತು, ಹೆಸರು, ತೊಗರಿ ಬೆಳೆಯುತ್ತಿದ್ದರು. ಮಳೆ ಬಿದ್ದ ಮೇಲೆ ಬಿತ್ತಬಹುದೋ ಇಲ್ಲವೋ ಅಂತ ಒಂದು ಹಿಡಿ ಮಣ್ಣು ತಗೊಂಡು ಹಿಸುಕಿ, ಉಂಡೆ ಮಾಡಿ, ಕೈಬಿಡುತ್ತಿದ್ದರು. ಬಿದ್ದ ಉಂಡೆ ಪುಡಿಯಾದರೆ ಹದ. ಪಚ್ಚನೆ ಅಂಟಿಕೊಂಡರೆ ಇನ್ನೂ ಹಸಿ. ಮುಷ್ಟಿಯಲ್ಲಿ ಉಂಡೆಯೇ ಆಗದಿದ್ದರೆ ಒಣಗಿಹೋಗಿದೆ. ಅದೇ ಲೆಕ್ಕವನ್ನು ಅವರು ಮನುಷ್ಯರ ಎದೆಗೂ ಹಚ್ಚುತ್ತಿದ್ದರು. ಹೇಳಿಬಿಡುತ್ತೇನೆ, ಇದು ಎಲ್ಲರಿಗೂ ಹಿಡಿಸುತ್ತಿರಲಿಲ್ಲ.

ಸಾಲೆಯಲ್ಲೂ ಅಷ್ಟೇ ಅಂತೆ. ಗಂಟೆ ಹೊಡೆದರೂ ಪಾಠ ಶುರು ಮಾಡದೆ ಚಾಕ್ ಹಿಡಿದು ಸುಮ್ಮನೆ ನಿಂತಿರುತ್ತಿದ್ದರು. ಹೆಡ್ ಮಾಸ್ತರರು ಕಿಟಕಿಯಲ್ಲಿ ಇಣುಕಿ "ಯಾಕ್ರಿ ಟೀಚರ್?" ಅಂದರೆ, "ಈಗ ಬೀಜ ಒಗದ್ರ ಕೊಳೀತದ್ರೀ ಸರ್, ಜರಾ ತಡೀರಿ" ಅನ್ನುತ್ತಿದ್ದರು. ಚರ್ಚಿನ ಮಹಿಳಾ ಕೂಟದಲ್ಲಿ ಯಾರಾದರೂ ಉಸಿರು ತಗೊಳ್ಳದೆ ಉದ್ದ ಪ್ರಾರ್ಥನೆ ಮಾಡಿದರೆ, ಮುಗಿದ ಮೇಲೆ ಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ, "ರೇಡಿಯೋ ಬಂದ್ ಆಯ್ತೇನವಾ?" ಅನ್ನುತ್ತಿದ್ದರು. ಪಾಸ್ಟರನ್ನೂ ಬಿಟ್ಟವರಲ್ಲ. "ಪ್ರಸಂಗ ಛಲೋ ಇತ್ತರಿ. ಖರೇ ಅಂದ್ರ ಹರಗದ ಹೊಲದಾಗ ಚೀಲಗಟ್ಟಲೆ ಬೀಜ ಸುರವಿದ್ರಿ, ಹಕ್ಕಿಗಳಿಗಿ ಹಬ್ಬ ಆಯ್ತು!"

ಬಿತ್ತುವ ಮೊದಲು ಕುಂಟೆ ಹೊಡೆದು ಕಸ ಕಿತ್ತು ನೆಲ ಸಡಿಲ ಮಾಡುವುದಕ್ಕೆ ನಮ್ಮ ಕಡೆ ಹರಗುವುದು ಅನ್ನುತ್ತಾರೆ. ಟೀಚರ್ ಪ್ರಕಾರ ಹರಗದ ಎದೆಯಲ್ಲಿ ದೇವರ ಮಾತು ನಾಟುವುದಿಲ್ಲ.

ಈಗ ನನ್ನ ಕಥೆ. ನನ್ನ ಗಂಡ ಪ್ರಭಾಕರ, ದೇವಮ್ಮ ಟೀಚರ ವಿದ್ಯಾರ್ಥಿ. ಬೀದರದ ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದರು. ಒಂದು ದಿನ ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟಕ್ಕೆ ಕೂತವರು ಹಾಗೇ ಎದೆ ಹಿಡಿದುಕೊಂಡು ವಾಲಿದರಂತೆ. ನಾನು ನರ್ಸು. ಎಷ್ಟೋ ಜನರ ಎದೆ ಒತ್ತಿ ಉಸಿರು ತಂದವಳು. ನನ್ನವರ ಹತ್ತಿರ ನಾನು ಇರಲಿಲ್ಲ.

ಆಮೇಲೆ ನನ್ನ ಪ್ರಾರ್ಥನೆ ನಿಂತುಹೋಯಿತು. ದೇವರ ಮೇಲೆ ಸಿಟ್ಟು ಬಂದಿದ್ದರೆ ಅದಾದರೂ ಒಂದು ಮಾತಾಗುತ್ತಿತ್ತು. ಮೊಣಕಾಲೂರಿ ಕೂತರೆ ಒಳಗೆ ಏನೂ ಇಲ್ಲ, ಲೈನ್ ಹೋಗಿ ಕತ್ತಲಾದ ಮನೆಯಂತೆ. ಚಿಕ್ಕಂದಿನಿಂದ ಅನ್ನದ ಮುಂದೆ, ಪರೀಕ್ಷೆಯ ಮುಂದೆ, ಡ್ಯೂಟಿಯ ಮುಂದೆ ಪ್ರಾರ್ಥನೆ ಮಾಡಿದವಳಿಗೆ "ತಂದೆಯೇ" ಅನ್ನುವ ಮಾತೇ ಗಂಟಲಿಂದ ಹೊರಡದು. ಗಂಡ ಹೋದರು, ಇದೂ ಹೋದರೆ ನನ್ನ ಹತ್ತಿರ ಉಳಿದದ್ದೇನು ಅಂತ ಭಯ ಹತ್ತಿತು. ಅದಕ್ಕೇ ಟೀಚರಿಗೆ ಫೋನ್ ಮಾಡಿದ್ದು. ಅವರು ಭಾಲ್ಕಿಯಿಂದ ಬಸ್ ಹತ್ತಿ ಬೀದರದ ನಮ್ಮ ಮನೆಗೆ ಬಂದರು. ಮುಂದೆ ಆಗಿದ್ದನ್ನು ಮೇಲೆ ಹೇಳಿದ್ದೇನೆ.

ಅವರು ಹೋದ ಮೇಲೆ ನಾನು ಅವರು ಕುಡಿದಿಟ್ಟ ಕಪ್ಪನ್ನು ತೊಳೆಯಲಿಲ್ಲ, ಅಷ್ಟು ಸಿಟ್ಟು. ಹದ ಬಂದಿಲ್ಲ ಅಂದರೇನು? ನನ್ನ ಎದೆಯಲ್ಲಿ ಪಾಪ ಇದೆ ಅಂತಲಾ? ಮತ್ತೆ ಫೋನ್ ಮಾಡಿ ಕೇಳಿದೆ.

"ಏನ್ ಮಾಡಬೇಕ್ರಿ ಟೀಚರ್, ಹದ ಬರಬೇಕಂದ್ರ?"

"ಹರಗಬೇಕವಾ. ಕಲ್ಲ, ಕಸ ಕೈಗಿ ಹತ್ತಿದ್ದು ಕೀಳಬೇಕು. ಬ್ಯಾರೇ ಏನದ?"

ಫೋನ್ ಇಟ್ಟರು. ಸರಿ, ನಾನು ಹರಗಲಿಕ್ಕೆ ನಿಂತೆ. ಉಪವಾಸ ಮಾಡಿದೆ. ಮೊಬೈಲಿನಲ್ಲಿ ರೀಲ್ಸ್ ನೋಡುವುದು ಬಿಟ್ಟೆ. ಆಸ್ಪತ್ರೆಯಲ್ಲಿ ಕೈಕೆಳಗಿನ ಹುಡುಗಿಯರಿಗೆ ಬೈಯುವುದು ಕಡಿಮೆ ಮಾಡಿದೆ. ಅವರಿಗೆ ಅದರಿಂದಲೇ ಹೆದರಿಕೆಯಾಗಿ "ಸಿಸ್ಟರ್, ಮೈಯಾಗ ಆರಾಮ ಇಲ್ಲೇನ್ರಿ?" ಅಂತ ಕೇಳಿದರು. ಮತ್ತೆ ಟೀಚರನ್ನು ಕರೆದೆ. ಬಂದರು. ಗೋಡೆಯ ಮೇಲಿನ ಪ್ರಭಾಕರರ ಫೋಟೋ ನೋಡಿದರು. ಮುಷ್ಟಿ ಹಿಸುಕಿದರು. "ಇನ್ನ ಹದ ಬಂದಿಲ್ಲ ನೋಡು" ಅಂದರು. ಚಹಾ ಮಾತ್ರ ಕುಡಿದೇ ಹೋದರು.

ಆಗ ನನಗೆ ನೆನಪಾದದ್ದು ಎಕಂಬಾದ ಶಾಂತಕ್ಕ, ನನ್ನ ಗಂಡನ ಅಕ್ಕ. ಮಣ್ಣು ಕೊಟ್ಟ ದಿನ ಎಲ್ಲರ ಎದುರಿಗೆ, "ನನ್ನ ತಮ್ಮನ್ನ ಬೀದರಕ್ಕ ಒಯ್ದು ದುಡಿಸಿ ದುಡಿಸಿ ಕೊಂದಿ" ಅಂತ ಅಂದವಳು. ಅವತ್ತಿನಿಂದ ಮಾತು ಬಿಟ್ಟಿದ್ದೆ. ಇದೇ ಇರಬೇಕು ಆ ಕಲ್ಲು ಅಂತ ನಿಶ್ಚಯ ಮಾಡಿ ರಜೆ ಹಾಕಿ ಎಕಂಬಾಕ್ಕೆ ಹೋಗುವ ಔರಾದ ಬಸ್ ಹತ್ತಿದೆ. ಕ್ಷಮಿಸುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಶಾಂತಕ್ಕ ಅಂಗಳದಲ್ಲಿ ಹೆಸರುಕಾಳು ಕೇರುತ್ತಿದ್ದಳು. ನಾನು ನಿಂತಲ್ಲೇ ಹೇಳಿಬಿಟ್ಟೆ: "ಅಕ್ಕಾ, ಅವತ್ತ ನೀವು ಅಂದ ಮಾತ ನಾ ಮನಸಿನಿಂದ ತೆಗದು ಹಾಕೀನ್ರಿ."

"ಯಾವ ಮಾತ?"

"ಅದೇರಿ, ನಿಮ್ಮ ತಮ್ಮನ್ನ ನಾನೇ ಕೊಂದೆ ಅಂತ."

ಮೊರ ನಿಂತಿತು. "ನಾ ಅಂದೆನಾ? ನನ್ನ ಬಾಯಾಗ ಆ ಮಾತ ಬಂದಿಲ್ಲ ಸುಶೀಲಾ. ಅವತ್ತ ನನಗ ಮೈಮ್ಯಾಲ ಖಬರೇ ಇದ್ದಿಲ್ಲ."

"ಎಲ್ಲಾರೂ ಕೇಳ್ಯಾರ್ರಿ ಅಕ್ಕಾ!"

"ಹಂಗಾರ ಕೇಳಿದವರಿಗೇ ಕ್ಷಮಾ ಮಾಡ ಹೋಗು!" ಅಂದವಳೇ ಮೊರ ಬಿಟ್ಟು, ನನ್ನ ಕುತ್ತಿಗೆಗೆ ಬಿದ್ದು, ಊರೆಲ್ಲ ಕೇಳುವ ಹಾಗೆ ಅತ್ತಳು. ಆಮೇಲೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಹೊರಟಾಗ ಹೆಸರಿನ ಗಂಟು ಕಟ್ಟಿ ಚೀಲಕ್ಕೆ ತುರುಕಿದಳು. ಬಸ್ಸಿನಲ್ಲಿ ನನಗೆ ತಲೆಬುಡ ತಿಳಿಯದು. ಅಂದವಳಿಗೇ ನೆನಪಿಲ್ಲದ ಮಾತನ್ನು ನಾನು ಕ್ಷಮಿಸಿದ್ದೇನೋ, ಇಲ್ಲವೋ? ಕಲ್ಲು ಕಿತ್ತೆನೋ, ಕಲ್ಲೇ ಇರಲಿಲ್ಲವೋ?

ಮೂರನೇ ಸಲ ಟೀಚರ್ ಬಂದಾಗ ಇದೆಲ್ಲ ಹೇಳಿದೆ. ಶಾಂತಕ್ಕನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮತ್ತೆ ಆ ಫೋಟೋ ನೋಡಿದರು. ನಗು ಹೋಯಿತು. ಮುಷ್ಟಿ ಬಹಳ ಹೊತ್ತು ಬಿಚ್ಚಲೇ ಇಲ್ಲ. "ಇಲ್ಲವಾ. ಇನ್ನೂ ಬಂದಿಲ್ಲ."

ನನ್ನ ತಾಳ್ಮೆ ಹರಿಯಿತು. "ಇನ್ನೇನ್ ಕೀಳಬೇಕ್ರಿ ನಾ? ಗುಂಡಿಗಿನೇ ಕಿತ್ತು ಕೊಡಲೇನು? ಬರಬ್ಯಾಡ್ರಿ ಇನ್ನ!" ಅಂತ ಕೂಗಿದೆ. ಅವರು ನನ್ನ ಗದ್ದ ಮುಟ್ಟಿ ಹೋದರು. ಅವತ್ತು ಚಹಾ ಕುಡಿಯಲಿಲ್ಲ.

ಮತ್ತೆ ನೋಡಿದ್ದು ಅವರು ಹಾಸಿಗೆ ಹಿಡಿದ ಮೇಲೆ. ಭಾಲ್ಕಿಯ ಮನೆಗೆ ಹೋದೆ. ಮುಷ್ಟಿಯಷ್ಟೇ ಉಳಿದಿದ್ದರು. ನಾಡಿ ಹಿಡಿದೆ, ನರ್ಸಿನ ಅಭ್ಯಾಸ. ಏನು ಮಾತಾಡಬೇಕೋ ತಿಳಿಯದೆ ಅದನ್ನೇ ಕೇಳಿದೆ.

"ಟೀಚರ್, ಈಗರೆ ನನ್ನ ಎದಿ ಹದ ಬಂದದೇನ್ರಿ?"

"ನಿಂದಾ?" ಹುಬ್ಬೇರಿಸಿದರು. "ನಿಂದ ನನಗ ಹ್ಯಾಂಗ ತಿಳೀಬೇಕವಾ? ನಾ ಅಂದಿದ್ದು ನಂದ."

"ನಿಮ್ದಾ?"

"ಮತ್ತ? ಪ್ರಭಾಕರ ನನ್ನ ಕೈಯಾಗ ಅಕ್ಷರ ಕಲ್ತವ. ಅವನ ಫೋಟೋದ ಮುಂದ ಕುಂತು, 'ನೀ ಮಾಡಿದ್ದು ಬರೋಬರಿ ಅದ ತಂದೆ' ಅನ್ನಬೇಕಂದ್ರ ನನ್ನ ನಾಲಗಿ ಏಳ್ತಿದ್ದಿಲ್ಲ. ಎದಿಯಾಗ ಇಲ್ಲದ್ದು ಬಾಯಿಲೆ ಹೇಳಿ, ನಿಮ್ಮನಿ ಚಾ ಕುಡದು ಬರಬೇಕಿತ್ತೇನು?"

"ಚಾ ಅಂತೂ ಕುಡದ್ರಿ!"

"ಅದಕ್ಕ ಹದ ಬೇಕಾಗಿಲ್ಲ" ಅಂದರು. ಇಬ್ಬರೂ ನಕ್ಕೆವು. ನಗುವಾಗ ಅವರಿಗೆ ಕೆಮ್ಮು ಬಂತು, ನೀರು ಕುಡಿಸಿದೆ.

"ಮತ್ತ ನಾ ಉಪವಾಸ ಮಾಡಿದ್ದು? ಎಕಂಬಾಕ್ಕ ಹೋಗಿದ್ದು? ನೀವೇ ಹರಗು ಅಂದಿದ್ರಿ!"

"ಏನ್ ಮಾಡಬೇಕಂತ ನೀ ಕೇಳಿದ್ದಿ. ನಾ ಮಾಡ್ಲತ್ತಿದ್ದು ಹೇಳಿದೆ." ಕಣ್ಣು ಮುಚ್ಚಿಕೊಂಡರು. ನನ್ನ ಕೈ ಅವರ ಮುಷ್ಟಿಯೊಳಗಿತ್ತು. ಹಿಸುಕುತ್ತಿದ್ದರು. ಬಿಚ್ಚುತ್ತಾರೆ, ಏನಾದರೂ ಅನ್ನುತ್ತಾರೆ ಅಂತ ಕಾದೆ. ನಿದ್ದೆ ಹತ್ತಿತು ಅವರಿಗೆ.

ಬಸ್ಸಿನಲ್ಲಿ ಎಲ್ಲ ಮಾತನ್ನೂ ಹಿಂದಕ್ಕೆ ಓಡಿಸಿ ನೋಡಿದೆ. ಅವರು ಒಮ್ಮೆಯೂ "ನಿನ್ನ ಎದಿ" ಅಂದಿರಲಿಲ್ಲ. ಯಾರದ್ದು ಅಂತ ಹೇಳದೆಯೇ ಮಾತು ಮುಗಿಸಬಹುದಲ್ಲ ನಮ್ಮ ಭಾಷೆಯಲ್ಲಿ. ಖಾಲಿ ಬಿಟ್ಟ ಜಾಗದಲ್ಲಿ ನಾನೇ ನನ್ನನ್ನು ಕೂರಿಸಿಕೊಂಡಿದ್ದೆ. ಅಥವಾ ಟೀಚರ್ ಬೇಕೆಂದೇ ಬಿಟ್ಟಿದ್ದರೋ? ಅವರು ಮಾಸ್ತರಿಕೆ ಮಾಡಿದವರು, ಖಾಲಿ ಜಾಗ ಬಿಟ್ಟು ತುಂಬಿರಿ ಅನ್ನುವುದು ಅವರಿಗೆ ಹೊಸದಲ್ಲ. ನನಗೆ ಇವತ್ತಿಗೂ ತಿಳಿದಿಲ್ಲ.

ಅದೇ ಕಡೆಯ ಭೇಟಿ. ಅವರ ನೆನಪಿನ ಕೂಟಕ್ಕೆ ಭಾಲ್ಕಿಗೆ ಹೋದಾಗ ಪಾಸ್ಟರು ಯಾವ ಸೂಚನೆಯೂ ಇಲ್ಲದೆ, "ಈಗ ಬೀದರದ ಸುಶೀಲಾ ಸಿಸ್ಟರ್ ಪ್ರಾರ್ಥನೆ ಮಾಡುತ್ತಾರೆ" ಅಂದುಬಿಟ್ಟರು. ಎಲ್ಲರೂ ಕಣ್ಣು ಮುಚ್ಚಿದರು. ನಾನು ಎದ್ದು ನಿಂತೆ. ಮುಂದೆ ಹೂವಿನ ಹಾರದೊಳಗೆ ಟೀಚರ ಫೋಟೋ. ಚಂದದ ಮಾತುಗಳೆಲ್ಲ ಬಾಯಿಗೆ ಬಂದವು, ಒಳ್ಳೆಯ ಓಟ ಓಡಿದರು, ನಂಬಿಕೆ ಕಾಪಾಡಿದರು ಅಂತ ನಮ್ಮಲ್ಲಿ ಇಂಥ ದಿನ ಹೇಳುವ ಮಾತುಗಳು. ಒಂದೂ ನನ್ನವಲ್ಲ. ನನ್ನ ಬಲಗೈ ಸೆರಗಿನೊಳಗೆ ಮುಷ್ಟಿ ಕಟ್ಟಿದ್ದು ನನಗೆ ಆಮೇಲೆ ಗೊತ್ತಾಯಿತು.

"ತಂದೆಯೇ," ಅಂದೆ. ಎಷ್ಟೋ ದಿನಗಳ ಮೇಲೆ ಆ ಮಾತು ಹೊರಗೆ ಬಂತು. "ಇನ್ನ ಹದ ಬಂದಿಲ್ಲಪ್ಪಾ."

ಕೂತುಬಿಟ್ಟೆ. ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು. ಮತ್ತೊಬ್ಬಳು ಕಿಸಕ್ಕನೆ ನಕ್ಕಳು. ತಮ್ಮನ ಟೀಚರ್ ಅಂತ ಎಕಂಬಾದಿಂದ ಬಂದು ಪಕ್ಕದಲ್ಲಿ ಕೂತಿದ್ದ ಶಾಂತಕ್ಕ, "ಇಷ್ಟೇ ಏನ?" ಅಂತ ನನ್ನ ತೊಡೆ ಚಿವುಟಿದಳು. ಪಾಸ್ಟರು ಗಡಬಡಿಸಿ, ಅಭ್ಯಾಸಬಲದಿಂದ, "ಆಮೆನ್" ಅಂದರು.

ಯಾರ ಎದೆ ಅಂತ ನಾನೂ ಹೇಳಿರಲಿಲ್ಲ. ಅದನ್ನು ಪ್ರಾರ್ಥನೆ ಅಂತ ಹಿಡಿಯಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೆನ್ ಅಂತೂ ಬಿತ್ತು.

ನಿಮ್ಮ ಚರ್ಚಿನಲ್ಲಿ, ಓಣಿಯಲ್ಲಿ, ಮನೆಯಲ್ಲಿ ಇಂಥವರು ಒಬ್ಬರಾದರೂ ಇದ್ದರೇ? ಒಂದು ಮಾತು ಅಂದು, ಅದು ಯಾರಿಗೆ ಅಂತ ಹೇಳದೆ ಎದ್ದು ಹೋದವರು? ಆ ಮಾತನ್ನು ನೀವು ಏನು ಮಾಡಿಕೊಂಡಿರಿ? ಕೆಳಗೆ ಬರೆಯಿರಿ. ಉಪದೇಶ ಬೇಡ, ಆಗಿದ್ದು ಆಗಿದ್ದ ಹಾಗೇ ಬರೆಯಿರಿ. ಎಲ್ಲವನ್ನೂ ಓದುತ್ತೇನೆ.