ಮುಲಾಮು ಹಚ್ಚಿದ ಬೆರಳು

ಉತ್ತರದ ಹಿಮನಾಡಿನ ಔಲು ಪಟ್ಟಣದಲ್ಲಿ ಇಪ್ಪತ್ತು ವರ್ಷ ಹಾಲಿನ ಕಾಗದದ ಡಬ್ಬಿಗಳ ಮೇಲೆ ಹಸು, ಹೂವು ಅಚ್ಚು ಹಾಕಿದವಳು ಹಿಲ್ಕಾ. ಆ ಅಚ್ಚುಮನೆ ಮುಚ್ಚಿದ ಮೇಲೆ ಊರಾಚೆಯ ಹೊಸ ಕಾರ್ಖಾನೆ ಸೇರಿದಳು. ಅಲ್ಲಿಯೂ ಅವೇ ತಿರುಗುವ ಉರುಳೆಗಳು. ಆದರೆ ಕಾಗದದ ಬದಲು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಬಣ್ಣದ ಬದಲು ಬೆಳ್ಳಿಪುಡಿ ಬೆರೆಸಿದ ಶಾಯಿ. ಕೂದಲೆಳೆಯಂಥ ಆ ಬೆಳ್ಳಿಗೆರೆಗಳು ಒಣಗಿದರೆ ಅವುಗಳಲ್ಲಿ ಕರೆಂಟು ಹರಿಯುತ್ತಿತ್ತು. ರೋಗಿಗಳ ಎದೆಗೆ ಅಂಟಿಸಿ ಹೃದಯದ ಬಡಿತ ನೋಡುವ ಪಟ್ಟಿಗಳು ಹಾಗೆ ತಯಾರಾಗುತ್ತಿದ್ದವು.

ಶಾಯಿ ಕಲಸುವವನು ತೌನೋ. ಹಿಲ್ಕಾಳಿಗೆ ಈ ಹೊಸ ಕೆಲಸದ ಹದ ಕಲಿಸಿದವನೂ ಅವನೇ. ಕಾಫಿಯ ವೇಳೆಗೆ ಇಬ್ಬರೂ ಒಂದೇ ಮೇಜಿನಲ್ಲಿ ಕೂರುತ್ತಿದ್ದರು.

ಆ ಜನವರಿಯ ಚಳಿಗೆ ಹಿಲ್ಕಾಳ ಬೆರಳುಗಳು ಬಿರಿದು ರಕ್ತ ಒಸರತೊಡಗಿತು. ಕೈಗೆ ಮುಲಾಮು ಹಚ್ಚಿಕೊಂಡು ಒಳಗೆ ಬರಬಾರದೆಂದು ಯಂತ್ರದ ಕೋಣೆಯ ಬಾಗಿಲಲ್ಲೇ ಬರೆದಿತ್ತು. ಹೇಗೂ ಕೈಗವಸು ಇದೆಯಲ್ಲ ಎಂದುಕೊಂಡು ಅವಳು ಹಚ್ಚಿಕೊಂಡಳು. ಗವಸು ತೊಡುವಾಗ ಅದರ ಹೊರಮೈಗೂ ಜಿಡ್ಡು ತಾಕಿದ್ದು ಗೊತ್ತಾಗದೆ, ಅದೇ ಕೈಯಿಂದ ಉರುಳೆಗೆ ಹಾಳೆ ಏರಿಸಿದಳು. ಅದೇ ವಾರ ಹಾಳೆಯ ಮೇಲೆ ಶಾಯಿ ನಿಲ್ಲದೆ, ಕೆಸುವಿನೆಲೆಯ ಮೇಲಿನ ನೀರಿನಂತೆ ಸರಿದು, ಗೆರೆಗಳು ತುಂಡಾದವು. ಸುರುಳಿಗಟ್ಟಲೆ ಮಾಲು ಕಸಕ್ಕೆ ಹೋಯಿತು.

"ಶಾಯಿಯಲ್ಲೇ ಎಡವಟ್ಟು, ತೌನೋ. ನಿಂಗೂ ವಯಸ್ಸಾಯ್ತಲ್ಲ," ಎಂದಳು ಮೇಲ್ವಿಚಾರಕಿ ಪಿಯಾ.

"ಮೂರು ಸಲ ತೂಗಿದೀನಿ," ಎಂದನಷ್ಟೇ ತೌನೋ. ಅವನನ್ನು ಉಗ್ರಾಣಕ್ಕೆ ಹಾಕಿದರು.

ಆ ಸಂಜೆ ಗವಸು ಕಳಚುವಾಗ ಅದರ ಹೊರಮೈಯ ಜಿಡ್ಡು ಹಿಲ್ಕಾಳ ಕಣ್ಣಿಗೆ ಬಿತ್ತು. ಮಾರನೆಯ ದಿನವೇ ಮುಲಾಮು ಬಿಟ್ಟಳು. ಗೆರೆಗಳು ನೆಟ್ಟಗಾದವು.

"ನೋಡಿದ್ರಾ, ಆಳು ಬದಲಾದ ಕೂಡ್ಲೆ ಸರಿಹೋಯ್ತು!" ಎಂದು ಪಿಯಾ ಹಿಗ್ಗಿದಳು. ಹಿಲ್ಕಾ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಆರು ವಾರ ಕಳೆದಳು. ಉಗ್ರಾಣದ ಮುಂದೆ ಹಾಯಬೇಕಾಗುತ್ತದೆಂದು ಹಿಮದಲ್ಲಿ ಸುತ್ತು ಹಾಕಿ ಕೆಲಸಕ್ಕೆ ಬರುತ್ತಿದ್ದಳು.

ಒಂದು ದಿನ ತೌನೋ ತಾನೇ ಅವಳನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಉಣ್ಣೆಯ ಗವಸು. "ನಿನ್ನ ಕೈ ಬಿರಿದಿದೆ ಅಂತ ಮನೇಲಿ ಹೇಳಿದ್ದೆ. ಹೆಂಡ್ತಿ ಹೆಣೆದಿದಾಳೆ, ತಗೋ."

ಹಿಲ್ಕಾ ನಿಂತಲ್ಲೇ ಎಲ್ಲ ಹೇಳಿಬಿಟ್ಟಳು.

ತೌನೋ ಗವಸನ್ನು ಅವಳ ಮುಂದಿನ ಮೇಜಿನ ಮೇಲಿಟ್ಟ. "ನಂಗ್ಯಾಕೆ ಹೇಳ್ತೀಯಾ? ನಾನು ತಪ್ಪು ಮಾಡಿಲ್ಲ ಅಂತ ನಂಗೆ ಗೊತ್ತೇ ಇತ್ತಲ್ಲ. ಅವ್ರಿಗೆ ಹೇಳು."

ಅಂದೇ ಕಾಫಿಯ ವೇಳೆಗೆ ಎಲ್ಲರೆದುರು ಎದ್ದು ನಿಂತು ಹೇಳಿದಳು. ಪಿಯಾ ಕೆಂಪಾಗಿ ತಲೆ ತಗ್ಗಿಸಿದಳು. ಹಿಲ್ಕಾಳಿಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ತೌನೋ ಶಾಯಿಕೋಣೆಗೆ ಮರಳಿದ.

ಈಗಲೂ ಅವನೇ ಶಾಯಿ ಕಲಸಿ ತಂದಿಟ್ಟು, "ಇಗೋ," ಎನ್ನುತ್ತಾನೆ. ಕಾಫಿಗೆ ಮಾತ್ರ ಬೇರೆ ಮೇಜಿನಲ್ಲಿ ಕೂರುತ್ತಾನೆ. ಯಾಕೆಂದು ಕೇಳುವ ಬಾಯಿ ಹಿಲ್ಕಾಳಿಗಿಲ್ಲ.